ರಾಮಾನುಜನ್ ಸಿನಿಮಾ ನೋಡಿ ನಾನು ಅತ್ತಿದ್ದು ಸುಳ್ಳಿಗಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹದಿನಾಲ್ಕು ವರ್ಷ ಆಯಿತು. ಕಳೆದ ಡಿಸೆಂಬರ್ 22ರಂದು, ಗಣಿತ ದಿನಕ್ಕೆ, ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರೊಜೆಕ್ಟರ್ ಹಾಕಿ ‘ದಿ ಮ್ಯಾನ್ ಹೂ ನ್ಯೂ ಇನ್ಫಿನಿಟಿ’ ತೋರಿಸಿದೆ. ಇಂಗ್ಲಿಷ್ ಚಿತ್ರ. ಮಕ್ಕಳಿಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಆದರೂ ಮುಗಿದಾಗ ಯಾರೂ ಮಾತಾಡಲಿಲ್ಲ. ನಾನಂತೂ ಅತ್ತುಬಿಟ್ಟೆ. ನಿಜ ಹೇಳಬೇಕೆಂದರೆ ಕೊನೆಯವರೆಗೆ ಕಾಯಲೂ ಇಲ್ಲ. ಕೇಂಬ್ರಿಡ್ಜಿನಲ್ಲಿ ರಾಮಾನುಜನ್ ಬರೆದ ಪತ್ರ ಓದುತ್ತಾರಲ್ಲ, ಅಲ್ಲೇ ಕಣ್ಣು ತುಂಬಿತ್ತು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು, “ಅದರಲ್ಲಿ ಅರ್ಧ ಕಟ್ಟುಕಥೆ ಮೇಡಂ, ಸುಮ್ನೆ ಅಳಿಸೋಕೆ ಮಾಡಿರೋದು” ಅಂದರು. ಅಂದಿನಿಂದ ಒಂಥರಾ ಮೋಸ ಹೋದ ಹಾಗೆ ಅನ್ನಿಸುತ್ತಿದೆ. ಇನ್ನೊಂದು ಚಿಂತೆಯೂ ಇದೆ. ತರಗತಿಯಲ್ಲಿ ಚುರುಕಿನ ಹುಡುಗಿ ಒಬ್ಬಳಿದ್ದಾಳೆ. ಚಿತ್ರ ನೋಡಿದ ಮೇಲೆ ಲೆಕ್ಕದ ಹಂತಗಳನ್ನು ಬರೆಯುವುದನ್ನೇ ಬಿಟ್ಟಿದ್ದಾಳೆ, ಉತ್ತರ ಮಾತ್ರ ಬರೆಯುತ್ತಾಳೆ. ಕೇಳಿದರೆ “ರಾಮಾನುಜನ್ ಕೂಡ ಹಾಗೇ ಅಲ್ವಾ ಮಿಸ್?” ಅನ್ನುತ್ತಾಳೆ. ಈ ವರ್ಷವೂ ಚಿತ್ರ ತೋರಿಸಲಾ, ಬೇಡವಾ?

ಉತ್ತರ: ಮೇಡಂ, ನಾನು ಇಪ್ಪತ್ತೆಂಟು ವರ್ಷ ಸಿನಿಮಾ ಎಡಿಟಿಂಗ್ ಮಾಡಿದವನು. ಈಗ ಕಾಲೇಜುಗಳಲ್ಲಿ ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ನಡುವೆ ಹೇಳಿ ದಾಟಿಬಿಟ್ಟ ಒಂದು ಮಾತು. ಪತ್ರ ಓದುವ ಕಡೆ ಕಣ್ಣು ತುಂಬಿತ್ತು ಅಂದಿರಲ್ಲ, ಅದು. ನಿಮ್ಮ ನಾಚಿಕೆಗೂ ಆ ಹುಡುಗಿಯ ಬಗೆಗಿನ ಹೆದರಿಕೆಗೂ ಉತ್ತರ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಮೊದಲು ನಿಮ್ಮ ಸಹೋದ್ಯೋಗಿಯ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ನಿಜ ಇದೆ. ಚಿತ್ರ 2015ರದ್ದು. ನಿರ್ದೇಶಕರು ಮ್ಯಾಥ್ಯೂ ಬ್ರೌನ್. ರಾಬರ್ಟ್ ಕಾನಿಗೆಲ್ 1991ರಲ್ಲಿ ಬರೆದ ರಾಮಾನುಜನ್ ಜೀವನಚರಿತ್ರೆಯೇ ಅದಕ್ಕೆ ಆಧಾರ. ಗಣಿತದ ವಿಷಯದಲ್ಲಿ ಕೆನ್ ಓನೋ, ಮಂಜುಲ್ ಭಾರ್ಗವ ಅವರಂಥ ದೊಡ್ಡ ಗಣಿತಜ್ಞರು ಜೊತೆಗಿದ್ದರು. ಹಾಗಾಗಿ ಹಾಳೆಯ ಮೇಲೆ ಕಾಣುವ ಸೂತ್ರಗಳ ಬಗ್ಗೆ ನಿಮಗೆ ಅನುಮಾನ ಬೇಡ. ಬದಲಾಗಿರುವುದು ಮನುಷ್ಯರು.

ಆ ಪತ್ರ ಓದುವ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯನ್ನೇ ನೋಡಿ. ಪಾತ್ರ ಮಾಡಿದ ಜೆರೆಮಿ ಐರನ್ಸ್ ಅವರಿಗೆ ಆಗ ಅರವತ್ತು ದಾಟಿತ್ತು. ನಿಜವಾದ ಹಾರ್ಡಿ ಹುಟ್ಟಿದ್ದು 1877ರಲ್ಲಿ. 1914ರ ಏಪ್ರಿಲ್‌ನಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಬಂದಿಳಿದಾಗ ಹಾರ್ಡಿಗೆ 37, ರಾಮಾನುಜನ್‌ಗೆ 26. ಸುಮಾರು ಹನ್ನೊಂದು ವರ್ಷದ ಅಂತರ, ಅಣ್ಣ ತಮ್ಮನ ಹಾಗೆ. ಚಿತ್ರದಲ್ಲಿ ಅದು ಅಪ್ಪ ಮಗನ ಸಂಬಂಧವಾಗಿ ಕಾಣುತ್ತದೆ. ಮುದುಕರೊಬ್ಬರು ಮೆಲ್ಲಗೆ ಕರಗುವುದನ್ನು ನೋಡಿದರೆ ನಮಗೆ ಬೇಗ ಅಳು ಬರುತ್ತದೆ, ಅದಕ್ಕೇ ಹಾಗೆ ಮಾಡಿರಬೇಕು. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಚಿತ್ರ ಏನನ್ನೋ ಕಳೆದುಕೊಂಡಿದೆ. ಕೆಲಸ ಮಾಡುವ ವಯಸ್ಸಿನ ಇಬ್ಬರು ಗಂಡಸರು ಒಂದೇ ಮೇಜಿನ ಮೇಲೆ ಬಗ್ಗಿ ಕೂತಿದ್ದರು. ಆ ಬಿಸಿ ಬೇರೆಯೇ.

ರಾಮಾನುಜನ್ ಆಗಿರುವ ದೇವ್ ಪಟೇಲ್ ಎತ್ತರ, ತೆಳ್ಳಗೆ. ನಿಜವಾದ ರಾಮಾನುಜನ್ ಕುಳ್ಳಗೆ, ದಪ್ಪಗೆ ಇದ್ದವರು. ಇದು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ಹೆಂಡತಿ ಜಾನಕಿ ಅವರದ್ದು. ಚಿತ್ರದಲ್ಲಿ ಆಕೆ ಬೆಳೆದ ಹೆಂಗಸು, ಗಂಡ ಹೆಂಡತಿ ನಡುವೆ ಪ್ರೀತಿಯ ಕಥೆ. ನಿಜದಲ್ಲಿ 1909ರಲ್ಲಿ ಮದುವೆಯಾದಾಗ ಆಕೆಗೆ ಹತ್ತು ವರ್ಷ. ನಿಮ್ಮ ಶಾಲೆಯ ಲೆಕ್ಕದಲ್ಲಿ ನಾಲ್ಕನೇ ಐದನೇ ತರಗತಿಯ ಹುಡುಗಿ. ಮದರಾಸಿನಲ್ಲಿ ಗಂಡನ ಜೊತೆ ಇರಲು ಬಂದದ್ದು 1912ರ ಹೊತ್ತಿಗೆ. 1914ರ ಮಾರ್ಚ್ 17ರಂದು ಗಂಡ ಹಡಗು ಹತ್ತಿದರು. 1919ರ ಮಾರ್ಚ್‌ನಲ್ಲಿ ಮರಳಿದರು, ಕಾಯಿಲೆ ಹೊತ್ತುಕೊಂಡು. 1920ರ ಏಪ್ರಿಲ್ 26ರಂದು ತೀರಿಕೊಂಡರು. ಒಟ್ಟಿಗೆ ಬಾಳಿದ್ದು ಎಷ್ಟು ದಿನ ಅಂತ ನೀವೇ ಕೂಡಿ ನೋಡಿ. ಆಮೇಲೆ ಜಾನಕಿ ಇನ್ನೂ 74 ವರ್ಷ ಬದುಕಿದರು. ಹೊಲಿಗೆ ಮಾಡಿ ಜೀವನ ನಡೆಸಿದರು, ಒಬ್ಬ ಹುಡುಗನನ್ನು ಸಾಕಿ ಬೆಳೆಸಿದರು, 1994ರಲ್ಲಿ ಕಣ್ಣು ಮುಚ್ಚಿದರು. ಚಿತ್ರದ ಪ್ರೇಮಕಥೆಗಿಂತ ಈ ನಿಜವೇ ನನಗೆ ಜಾಸ್ತಿ ತಟ್ಟುತ್ತದೆ. ಆದರೆ ಇದನ್ನು ತೆರೆಯ ಮೇಲೆ ಹಾಗೇ ತೋರಿಸಿದ್ದರೆ ನಮ್ಮ ಮನಸ್ಸು ರಾಮಾನುಜನ್ ಕಡೆಯಿಂದ ಪೂರ್ತಿ ಆಕೆಯ ಕಡೆಗೆ ತಿರುಗಿಬಿಡುತ್ತಿತ್ತು. ಚಿತ್ರ ಮಾಡಿದವರು ಅದಕ್ಕೆ ಸಿದ್ಧರಿರಲಿಲ್ಲ.

ಕಾಯಿಲೆಯೂ ಅಷ್ಟೇ. ಚಿತ್ರ ಕ್ಷಯ ಅನ್ನುತ್ತದೆ. ಆಗಿನ ವೈದ್ಯರು ಚಿಕಿತ್ಸೆ ಕೊಟ್ಟದ್ದೂ ಹೆಚ್ಚಾಗಿ ಅದಕ್ಕೇ. ಆದರೆ 1994ರಲ್ಲಿ ಡಿ.ಎ.ಬಿ. ಯಂಗ್ ಎಂಬುವರು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಓದಿ, ಹಿಂದೆ ಆಗಿದ್ದ ಆಮಶಂಕೆಯಿಂದ ಯಕೃತ್ತಿಗೆ ಹತ್ತಿದ ಅಮೀಬಾ ಸೋಂಕು ಇದಾಗಿರಬಹುದು ಅಂದರು. ಆ ಕಾಲಕ್ಕೇ ಅದಕ್ಕೆ ಮದ್ದಿತ್ತು.

ಇಷ್ಟೆಲ್ಲ ಬದಲಾಗಿದೆ, ಸರಿ. ಈಗ ಪತ್ರಕ್ಕೆ ಬರೋಣ. ಆ ಪತ್ರ ಕಟ್ಟುಕಥೆ ಅಲ್ಲ.

1913ರ ಜನವರಿ 16ರ ತಾರೀಖು ಹಾಕಿದ ಪತ್ರ ಅದು. ಶುರುವಾಗುವುದೇ ಹೀಗೆ: ನಾನು ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ವರ್ಷಕ್ಕೆ ಬರೀ 20 ಪೌಂಡ್ ಸಂಬಳದ ಗುಮಾಸ್ತ, ನನಗೀಗ ಸುಮಾರು 23 ವರ್ಷ. ನಿಜದಲ್ಲಿ ಅವರಿಗೆ ಆಗ 25 ತುಂಬಿತ್ತು. ಕೆಳಗೆ ನೂರಕ್ಕೂ ಹೆಚ್ಚು ಫಲಿತಾಂಶಗಳು. ಸಾಧನೆ, ಅಂದರೆ ಹಂತ ಹಂತವಾಗಿ ಕೊಡುವ ರುಜುವಾತು, ಒಂದಕ್ಕೂ ಇಲ್ಲ. ಇದಕ್ಕೆ ಮೊದಲು ಕೇಂಬ್ರಿಡ್ಜಿನ ಇನ್ನಿಬ್ಬರಿಗೂ ಬರೆದಿದ್ದರು, ಬೇಕರ್ ಮತ್ತು ಹಾಬ್ಸನ್. ಅವರಿಂದ ಏನೂ ಒದಗಲಿಲ್ಲ. ಹಾರ್ಡಿಗೂ ಮೊದಲು ಇದು ಯಾರೋ ಮಾಡಿದ ತಮಾಷೆ ಇರಬಹುದು ಅನ್ನಿಸಿತ್ತು. ಆ ರಾತ್ರಿ ಜೊತೆಯ ಗಣಿತಜ್ಞ ಲಿಟಲ್‌ವುಡ್ ಜೊತೆ ಕೂತು ಹಾಳೆ ಹಾಳೆ ನೋಡಿದರು. ಏಳುವ ಹೊತ್ತಿಗೆ ಬರೆದವನು ಯಾವ ಮಟ್ಟದವನು ಅಂತ ಗೊತ್ತಾಗಿತ್ತು. ಇವು ನಿಜವೇ ಇರಬೇಕು, ಇಲ್ಲದಿದ್ದರೆ ಇವನ್ನು ಹುಟ್ಟಿಸುವಷ್ಟು ಕಲ್ಪನೆ ಯಾರಿಗೂ ಇರುವುದಿಲ್ಲ ಅಂತ ಹಾರ್ಡಿ ಆಮೇಲೆ ಬರೆದರು.

ಈ ದೃಶ್ಯದಲ್ಲಿ ಏನಿದೆ ಹೇಳಿ? ಸಾವಿಲ್ಲ, ಅಗಲಿಕೆಯಿಲ್ಲ. ಇಬ್ಬರು ಗಂಡಸರು ಕಾಗದ ನೋಡುತ್ತಾರೆ. ಆದರೂ ನಿಮಗೆ ಅಳು ಬಂತು.

ನನ್ನ ಕೆಲಸದಲ್ಲಿ ಆದ ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ತೀರಿಕೊಂಡ ಒಬ್ಬ ಹಳ್ಳಿ ಮೇಷ್ಟ್ರ ಮೇಲೆ ಸಾಕ್ಷ್ಯಚಿತ್ರ ಎಡಿಟ್ ಮಾಡುತ್ತಿದ್ದೆ. ಆಸ್ಪತ್ರೆ, ಕೊನೆಯ ದಿನಗಳು, ಮಣ್ಣು, ಎಲ್ಲ ಇತ್ತು. ಅಲ್ಲಿಗೆ ವಯಲಿನ್ ಹಾಕಿದೆವು. ಅವರ ಊರಿನಲ್ಲೇ ಮೊದಲು ತೋರಿಸಿದಾಗ ಆ ಭಾಗಕ್ಕೆ ಜನ ಸುಮ್ಮನೆ ಕೂತಿದ್ದರು. ಅತ್ತದ್ದು ಬೇರೆ ಕಡೆ. ಒಬ್ಬ ಹಳೇ ಶಿಷ್ಯ, ಅವರೂ ಮುದುಕರು, ಹರಿದ ಪುಸ್ತಕ ತೆರೆದು “ಇದು ಮೇಷ್ಟ್ರ ಅಕ್ಷರ” ಅಂತ ಬೆರಳಿಟ್ಟು ತೋರಿಸುವ ಐದು ಸೆಕೆಂಡಿನ ಶಾಟ್. ಅಲ್ಲಿ ಸಂಗೀತವೇ ಇರಲಿಲ್ಲ. ಆ ದಿನದಿಂದ ನನಗೆ ಒಂದು ವಿಷಯ ಖಾತ್ರಿಯಾಗಿದೆ. ದುಃಖ ಕಂಡಾಗ ನಾವು ಮರುಗುತ್ತೇವೆ. ಗಂಟಲು ಕಟ್ಟುವುದು ಮಾತ್ರ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಗುರುತು ಹಿಡಿದಾಗ. ಅದೂ ಯಾರೂ ಗುರುತಿಸಲಾರರು ಅಂತ ಅಂದುಕೊಂಡಿದ್ದಾಗ.

ವಿಜ್ಞಾನಿಯ ಬದುಕಿನ ಚಿತ್ರದಲ್ಲಿ ಇದು ಇನ್ನೂ ಜಾಸ್ತಿ ಕೆಲಸ ಮಾಡುತ್ತದೆ. ಕಾರಣ ಸರಳ. ಯೋಚನೆಗೆ ಕ್ಯಾಮೆರಾ ಇಡಲು ಆಗುವುದಿಲ್ಲ. ಹಾಡುಗಾರನ ಕಥೆಯಾದರೆ ಹಾಡು ಕೇಳಿಸಬಹುದು, ಕುಸ್ತಿಪಟುವಾದರೆ ಅಖಾಡ ತೋರಿಸಬಹುದು. ಗಣಿತಜ್ಞ ಗೋಡೆ ನೋಡುತ್ತಾ ಕೂತಿರುತ್ತಾನೆ. ಹಾಗಾಗಿ ಚಿತ್ರ ಇನ್ನೊಬ್ಬರ ಮುಖದ ಮೊರೆ ಹೋಗುತ್ತದೆ. ನಮ್ಮ ಭಾಷೆಯಲ್ಲಿ ರಿಯಾಕ್ಷನ್ ಶಾಟ್ ಅನ್ನುತ್ತೇವೆ. ಸೂತ್ರ ನಮಗೆ ತಿಳಿಯುವುದಿಲ್ಲ, ಅದನ್ನು ಓದಿದವರ ಹುಬ್ಬು ಏರುವುದು ತಿಳಿಯುತ್ತದೆ. ನಿಮ್ಮ ಮಕ್ಕಳಿಗೆ ಇಂಗ್ಲಿಷೂ ಪೂರ್ತಿ ಗೊತ್ತಾಗದೆ, ಗಣಿತವೂ ಗೊತ್ತಾಗದೆ ಮನಸ್ಸು ತಟ್ಟಿದ್ದು ಹೇಗೆ ಅಂದರೆ ಹೀಗೆ. ಅವರು ಹಾರ್ಡಿಯ ಮುಖ ಓದುತ್ತಿದ್ದರು.

ಚಿತ್ರದಲ್ಲಿ ಇನ್ನೂ ಕೆಲವು ಕಾಗದಗಳಿವೆ, ಗಮನಿಸಿದ್ದೀರಾ? ಜಾನಕಿ ಗಂಡನಿಗೆ ಬರೆದವು. ಅತ್ತೆ ಕೋಮಲತ್ತಮ್ಮ ಅವನ್ನು ಮುಂದೆ ಹೋಗಲು ಬಿಡುವುದಿಲ್ಲ. ಇದೂ ಕಲ್ಪನೆಯಲ್ಲ, ಸೊಸೆಯ ಕಾಗದಗಳಿಗೆ ಆಕೆ ಅಡ್ಡ ನಿಂತದ್ದು ಜೀವನಚರಿತ್ರೆಯಲ್ಲೂ ಇದೆ. ಗುರುತು ಪರಿಚಯ ಇಲ್ಲದ ಬಿಳಿಯನಿಗೆ ಬರೆದ ಕಾಗದ ಸಮುದ್ರ ದಾಟಿ ಮುಟ್ಟಿತು. ಕಟ್ಟಿಕೊಂಡವಳು ಬರೆದದ್ದು ಮನೆಯ ಹೊಸಿಲಿನಲ್ಲೇ ನಿಂತಿತು. ಚಿತ್ರ ಇವೆರಡನ್ನೂ ಪಕ್ಕ ಪಕ್ಕ ಇಟ್ಟಿದೆ. ಮೊದಲ ಪತ್ರಕ್ಕೆ ಕಣ್ಣು ತುಂಬಿಸಿಕೊಂಡವರಿಗೆ ಎರಡನೆಯದರ ನೋವು ಹೇಳದೆಯೇ ಮುಟ್ಟುತ್ತದೆ.

ಆದ್ದರಿಂದ, ನೀವು ಸುಳ್ಳಿಗೆ ಅಳಲಿಲ್ಲ. ಚಿತ್ರದಲ್ಲಿ ಬೆಸುಗೆ ಹಾಕಿದ ಜಾಗಗಳಿವೆ, ನಿಮ್ಮ ಕಣ್ಣೀರು ಬಿದ್ದದ್ದು ಅಲ್ಲಿ ಅಲ್ಲ. ನಿಮ್ಮ ಸಹೋದ್ಯೋಗಿಗೆ ಇಷ್ಟು ಹೇಳಿದರೆ ಸಾಕು. ಅವರು ಒಪ್ಪದಿದ್ದರೆ ಹಾರ್ಡಿಗೆ ರಾಮಾನುಜನ್ ಬರೆದ ಎರಡನೇ ಪತ್ರ ತೋರಿಸಿ, 1913ರ ಫೆಬ್ರವರಿ 27ರದ್ದು. ನನ್ನ ಶ್ರಮವನ್ನು ಸಹಾನುಭೂತಿಯಿಂದ ನೋಡುವ ಒಬ್ಬ ಗೆಳೆಯ ನಿಮ್ಮಲ್ಲಿ ಸಿಕ್ಕಿದ್ದಾನೆ ಅಂತ ಅದರಲ್ಲಿದೆ. ನಾನು ಈಗಲೇ ಅರೆಹೊಟ್ಟೆಯ ಮನುಷ್ಯ, ಮೆದುಳು ಉಳಿಸಿಕೊಳ್ಳಲು ಊಟ ಬೇಕು ಅಂತಲೂ ಇದೆ. ಯಾವ ಚಿತ್ರಕಥೆಗಾರನೂ ಇದಕ್ಕಿಂತ ಚೆನ್ನಾಗಿ ಬರೆಯಲಾರ.

ಚಿತ್ರದ ಹೊರಗೂ ಇಂಥವು ಬೇಕಾದಷ್ಟಿವೆ. ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಪಿ.ಸಿ. ಮಹಲನೋಬಿಸ್, ಮುಂದೆ ಕೋಲ್ಕತ್ತದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದವರು, ಒಂದು ದಿನ ರಾಮಾನುಜನ್ ಕೋಣೆಗೆ ಹೋದರು. ರಾತ್ರಿ ಚಳಿ ತಡೆಯಲಾಗುತ್ತಿಲ್ಲ ಅಂದರಂತೆ ರಾಮಾನುಜನ್. ನೋಡಿದರೆ ಕಂಬಳಿಗಳೆಲ್ಲ ಹಾಸಿಗೆಗೆ ಬಿಗಿಯಾಗಿ ಸಿಕ್ಕಿಸಿದ ಹಾಗೇ ಇವೆ. ಅವುಗಳ ಒಳಗೆ ನುಸುಳಿ ಮಲಗಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನೊಮ್ಮೆ ಗೆಳೆಯರನ್ನು ಊಟಕ್ಕೆ ಕರೆದು ತಾವೇ ಸಾರು ಮಾಡಿ ಬಡಿಸಿದರು. ಮತ್ತೆ ಬಡಿಸಲು ಬಂದಾಗ ಅತಿಥಿಗಳು ಸಾಕು ಅಂದರು. ರಾಮಾನುಜನ್ ಎದ್ದು ಹೋದವರು ಬರಲೇ ಇಲ್ಲ. ಕೆಲವು ದಿನ ಆಕ್ಸ್‌ಫರ್ಡಿನಲ್ಲಿದ್ದು ವಾಪಸಾದರು. ನಮ್ಮ ಕಡೆ ಸಾರು ಬೇಡ ಅಂದರೆ ಬಡಿಸುವವರ ಮನಸ್ಸಿಗೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪರದೇಶದಲ್ಲಿ, ಯುದ್ಧದ ಕಾಲದಲ್ಲಿ, ಊರಿನಿಂದ ಸಾಮಾನು ತರಿಸಿಕೊಂಡು ಮಾಡಿದ ಸಾರು ಅದು.

ಈಗ ಆ ಹುಡುಗಿಯ ವಿಷಯ. ಚಿತ್ರದಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟುವುದು ನಿಜ, ಆಕೆಯನ್ನು ಬೈದು ಪ್ರಯೋಜನ ಇಲ್ಲ. ಉತ್ತರ ಒಮ್ಮೆಲೇ ಹೊಳೆಯುತ್ತದೆ, ದೇವಿ ಹೇಳುತ್ತಾಳೆ, ಸಾಧನೆ ಎಂಬುದು ಬಿಳಿಯರು ಹೇರಿದ ಕಾಟ ಅನ್ನುವ ಭಾವನೆ ನೋಡುವವರಿಗೆ ಸುಲಭವಾಗಿ ಬರುತ್ತದೆ. ಮನೆದೇವತೆ ನಾಮಗಿರಿ ತಾಯಿಯ ಮೇಲೆ ರಾಮಾನುಜನ್‌ಗೆ ಇದ್ದ ಭಕ್ತಿ ನಿಜ. ಅದನ್ನು ಮಕ್ಕಳ ಎದುರು ಹಗುರ ಮಾಡಬೇಡಿ. ಅದರ ಪಕ್ಕದಲ್ಲಿ ಸ್ಲೇಟನ್ನೂ ಇಡಿ ಅಷ್ಟೇ.

ಕಾಗದ ದುಬಾರಿ ಅಂತ ರಾಮಾನುಜನ್ ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಿದ್ದರು. ಬಟ್ಟೆ ಹುಡುಕುವಷ್ಟೂ ಪುರುಸೊತ್ತಿಲ್ಲದೆ ಮೊಣಕೈಯಿಂದ ಒರೆಸುತ್ತಿದ್ದರು, ಮೊಣಕೈ ಕಪ್ಪಾಗಿತ್ತು. ಕೊನೆಯ ಸಾಲು ಮಾತ್ರ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಅಂದರೆ ಹಂತಗಳು ಇದ್ದವು, ಅಳಿಸಿಹೋದವು. ಇನ್ನೊಂದು ಕಾರಣವೂ ಇದೆ. ಹದಿನಾರರ ಸುಮಾರಿಗೆ ಅವರ ಕೈಗೆ ಸಿಕ್ಕಿದ್ದು ಕಾರ್ ಎಂಬುವರ ಒಂದು ಪುಸ್ತಕ. ಸಾವಿರಾರು ಪ್ರಮೇಯಗಳ ಪಟ್ಟಿ, ಸಾಧನೆ ತೀರಾ ಕಡಿಮೆ. ಮಗು ಮನೆಯಲ್ಲಿ ಕೇಳಿದ ಮಾತನ್ನೇ ಆಡುವ ಹಾಗೆ, ಅವರು ಗಣಿತ ಅಂದರೆ ಹೀಗೇ ಬರೆಯುವುದು ಅಂದುಕೊಂಡರು.

1729ರ ಕಥೆಯೂ ಅಷ್ಟೇ. ಪಟ್ನಿಯ ಆಸ್ಪತ್ರೆಗೆ ನೋಡಲು ಹೋದ ಹಾರ್ಡಿ ತಾನು ಬಂದ ಟ್ಯಾಕ್ಸಿ ನಂಬರ್ ಸಪ್ಪೆಯದು ಅಂದರು. ಇಲ್ಲ, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಅಂದರು ರಾಮಾನುಜನ್. 1ರ ಘನ, 12ರ ಘನ. 9ರ ಘನ, 10ರ ಘನ. ಕೇಳಿದರೆ ಮಿಂಚು ಹೊಡೆದ ಹಾಗೆ. ಆದರೆ ಘನಗಳ ಮೊತ್ತದ ಮೇಲೆ ಅವರು ನೋಟ್‌ಬುಕ್ಕಿನಲ್ಲಿ ಸಾಕಷ್ಟು ಕೆಲಸ ಮಾಡಿದ್ದರು. ಆ ಸಂಖ್ಯೆ ಅವರಿಗೆ ಹಳೇ ಪರಿಚಯದ್ದು.

ಮತ್ತು ಅವರು ತಪ್ಪಿದ್ದೂ ಉಂಟು. ಹಾರ್ಡಿಗೆ ಬರೆದ ಮೊದಲ ಪತ್ರಗಳಲ್ಲಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಹೇಳಿಕೊಂಡದ್ದು ಸರಿಯಿರಲಿಲ್ಲ. ಚಿತ್ರದಲ್ಲೂ ಇದು ಬರುತ್ತದೆ, ಮಕ್ಕಳು ಅದನ್ನು ಅವಮಾನದ ದೃಶ್ಯವಾಗಿ ನೋಡಿರುತ್ತಾರೆ. ಒಳಮನಸ್ಸು ಅಷ್ಟು ಬಲವಾಗಿದ್ದವರಿಗೂ ಅವಿಭಾಜ್ಯಗಳು ಕೈಕೊಟ್ಟವು. ಸಾಧನೆ ಇಲ್ಲದೆ ಅದು ಗೊತ್ತಾಗಲು ದಾರಿ ಇರಲಿಲ್ಲ. ಮುಂದೆ ಹಾರ್ಡಿ ಜೊತೆ ಮಾಡಿದ ವಿಭಜನೆಯ ಸೂತ್ರ ನೋಡಿ, ಒಬ್ಬರ ಹೊಳಹು, ಇನ್ನೊಬ್ಬರ ಶಿಸ್ತು ಎರಡೂ ಬೇಕಾಯಿತು.

ಅದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ನಾಲ್ಕು ಹುಣಸೆ ಬೀಜ ಕೊಟ್ಟು ಎಷ್ಟು ಬಗೆಯಲ್ಲಿ ಗುಂಪು ಮಾಡಬಹುದು ಅಂತ ಕೇಳಿ. 4. 3+1. 2+2. 2+1+1. 1+1+1+1. ಐದು ಬಗೆ. ಐದು ಬೀಜಕ್ಕೆ 7, ಹತ್ತಕ್ಕೆ 42. ಇಲ್ಲಿಯವರೆಗೆ ನಗುನಗುತ್ತಾ ಮಾಡುತ್ತಾರೆ. ನೂರು ಬೀಜಕ್ಕೆ 19,05,69,292. ಇನ್ನೂರಕ್ಕೆ 39,72,99,90,29,388. ಮೆಕ್‌ಮಾಹನ್ ಎಂಬ ಗಣಿತಜ್ಞ 200ರವರೆಗೆ ಕೈಯಲ್ಲೇ ಲೆಕ್ಕ ಹಾಕಿದ್ದರು. ಹಾರ್ಡಿ-ರಾಮಾನುಜನ್ ಸೂತ್ರದ ಉತ್ತರ ಅದಕ್ಕೆ ತಾಳೆಯಾಯಿತು. ಬೀಜ ಹಿಡಿದು ಕೂತ ಮಕ್ಕಳಿಗೆ ಚಿತ್ರದಲ್ಲಿ ಆ ಭಾಗ ಬಂದಾಗ ಹಾರ್ಡಿಯ ಮುಖ ಬೇಕಾಗುವುದಿಲ್ಲ, ತಮಗೇ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. “ರಾಮಾನುಜನ್ ಫೇಲಾಗಿದ್ದರು” ಎಂಬ ಮಾತು ಹುಡುಗರ ಬಾಯಲ್ಲಿ ಬಂದೇ ಬರುತ್ತದೆ. ಹೌದು, ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಫೇಲಾಗಿ ವಿದ್ಯಾರ್ಥಿವೇತನವನ್ನೇ ಕಳೆದುಕೊಂಡರು. ಅದರಿಂದ ಅವರಿಗೆ ಆದ ಲಾಭ ಏನೂ ಇಲ್ಲ, ಹಸಿವು ಮಾತ್ರ. ಎತ್ತಿದವರು ಬೇರೆ. ಗಣಿತ ಸಂಘ ಕಟ್ಟಿದ ರಾಮಸ್ವಾಮಿ ಅಯ್ಯರ್, ನೆಲ್ಲೂರಿನ ಕಲೆಕ್ಟರ್ ಆಗಿದ್ದು ತಿಂಗಳು ತಿಂಗಳು ಹಣ ಕೊಟ್ಟ ರಾಮಚಂದ್ರ ರಾವ್, ಪೋರ್ಟ್ ಟ್ರಸ್ಟಿನಲ್ಲಿ ಜೊತೆ ಕೂತು ಗಣಿತ ನೋಡಿದ ನಾರಾಯಣ ಅಯ್ಯರ್, ಮದರಾಸಿಗೆ ಬಂದು ಇಂಗ್ಲೆಂಡಿಗೆ ಹೊರಡಲು ಒಪ್ಪಿಸಿದ ನೆವಿಲ್. ಚಿತ್ರಕ್ಕೆ ಎರಡು ಗಂಟೆಯೂ ಇಲ್ಲ, ಇಷ್ಟು ಜನರಿಗೆ ಜಾಗ ಸಾಲದು. ಆದರೆ ಒಂದು ಪ್ರತಿಭೆಯ ಹಿಂದೆ ಇಷ್ಟು ಕೈಗಳಿದ್ದವು ಅಂತ ಮಕ್ಕಳಿಗೆ ಗೊತ್ತಿರಲಿ.

ಹಾಗಾದರೆ ಈ ವರ್ಷ ತೋರಿಸಬೇಕಾ? ನಾನಾದರೆ ತೋರಿಸುತ್ತೇನೆ, ಕಳೆದ ಬಾರಿಯ ಹಾಗೆ ಅಲ್ಲ.

ಪೂರ್ತಿ ತೋರಿಸಿದರೆ ಅದರ ಓಟ ಉಳಿಯುತ್ತದೆ, ಭಾವನೆ ಕಟ್ಟುತ್ತಾ ಹೋಗುತ್ತದೆ. ಅದರ ಅಪಾಯ ಒಂದು ದೃಶ್ಯ. ರಾಮಾನುಜನ್ ರೈಲಿನ ಮುಂದೆ ಹಾರುತ್ತಾರಲ್ಲ, ಅದು. ಅದು ನಿಜವಾಗಿ ನಡೆದದ್ದು, 1918ರ ಆರಂಭದಲ್ಲಿ, ಲಂಡನ್ನಿನ ನೆಲದಡಿಯ ರೈಲು ನಿಲ್ದಾಣದಲ್ಲಿ. ರೈಲು ಸ್ವಲ್ಪದರಲ್ಲಿ ನಿಂತು ಬದುಕಿದರು. ಪೊಲೀಸರಿಂದ ಬಿಡಿಸಲು ಹಾರ್ಡಿ, ಇವರು ದೊಡ್ಡ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಫೆಲೋ ಅಂದುಬಿಟ್ಟರು. ಆಗ ಇನ್ನೂ ಆಗಿರಲಿಲ್ಲ, ಆ ಮೇ ತಿಂಗಳಲ್ಲಿ ಆದರು. ಹದಿನಾಲ್ಕು ವರ್ಷದ ಮಕ್ಕಳನ್ನು ಈ ದೃಶ್ಯದ ಎದುರು ಸುಮ್ನೆ ಕೂರಿಸಬೇಡಿ. ದೊಡ್ಡವರಾಗಲು ಇಷ್ಟು ನೋವು ತಿನ್ನಲೇಬೇಕು ಅಂತ ಅವರಿಗೆ ಅನ್ನಿಸಬಾರದು. ಕಾಯಿಲೆ, ಒಂಟಿತನ, ಬಾರದ ಕಾಗದಗಳು ಅವರನ್ನು ಅಲ್ಲಿಗೆ ತಳ್ಳಿದವು, ಗಣಿತ ಅಲ್ಲ ಅಂತ ಮೊದಲೇ ಹೇಳಿ. ಮನಸ್ಸು ಭಾರವಾದರೆ ಯಾರ ಹತ್ತಿರ ಹೇಳಬಹುದು ಅಂತಲೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡುತ್ತಾರೆ, ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಆಯ್ದ ಭಾಗಗಳನ್ನು ಮಾತ್ರ ತೋರಿಸಬಹುದು. ಪತ್ರ, ಅವಿಭಾಜ್ಯಗಳ ತಪ್ಪು, ವಿಭಜನೆ. ಇದು ಸುರಕ್ಷಿತ, ಒಂದು ಪೀರಿಯಡ್‌ಗೆ ಆಗುತ್ತದೆ. ಆದರೆ ಆಗ ಅದು ಪಾಠ ಆಗಿಬಿಡುತ್ತದೆ. ಮಕ್ಕಳಿಗೆ ವಾಸನೆ ಬೇಗ ಹತ್ತುತ್ತದೆ.

ತೋರಿಸದೆಯೂ ಇರಬಹುದು, ಪತ್ರಗಳನ್ನೇ ಕನ್ನಡ ಮಾಡಿ ಓದಬಹುದು. ನೀವು ಚೆನ್ನಾಗಿ ಓದಿದರೆ ಇದಕ್ಕೆ ಸಮ ಇನ್ನೊಂದಿಲ್ಲ. ಗಂಟಲು ಕಟ್ಟಿದರೆ ನಿಲ್ಲಿಸಿ, ಮಕ್ಕಳು ಕಾಯುತ್ತಾರೆ.

ಯಾವುದೇ ದಾರಿ ಹಿಡಿದರೂ ಒಂದು ಕೋರಿಕೆ. ಚಿತ್ರದ ನಡುವೆ ನಿಲ್ಲಿಸಿ “ಇದು ನಿಜ, ಇದು ಸುಳ್ಳು” ಅನ್ನಬೇಡಿ. ಅದರಿಂದ ನಿಜವೂ ಹಾಳು, ಚಿತ್ರವೂ ಹಾಳು. ಹಿಂದಿನ ದಿನವೇ ಜಾನಕಿಯ ವಯಸ್ಸು, ಹಾರ್ಡಿಯ ವಯಸ್ಸು ಬೋರ್ಡಿನ ಮೇಲೆ ಬರೆಯಿರಿ. ಹುಡುಗಿಯರು ಆ ಹತ್ತು ಎಂಬ ಅಂಕಿಯನ್ನು ಮರೆಯುವುದಿಲ್ಲ, ಮರೆಯಲೂ ಬಾರದು.

ಕೊನೆಯದಾಗಿ ಆ ಹುಡುಗಿಗೆ ನೀವು ಏನು ಮಾಡಬಹುದು ಅಂತ. ಹಾರ್ಡಿ 1913ರ ಫೆಬ್ರವರಿ 8ರಂದು ರಾಮಾನುಜನ್‌ಗೆ ಕೊಟ್ಟ ಉತ್ತರ ನೋಡಿ. ಹೊಗಳಿ ಅಟ್ಟಕ್ಕೇರಿಸಲಿಲ್ಲ, ಗದರಲೂ ಇಲ್ಲ. ನಿಮ್ಮ ಫಲಿತಾಂಶಗಳು ಮೂರು ಬಗೆ ಅಂದರು. ಕೆಲವು ಈಗಾಗಲೇ ಗೊತ್ತಿರುವುವು. ಕೆಲವು ಹೊಸವು, ಕುತೂಹಲದವು. ಕೆಲವು ಹೊಸವೂ ಮುಖ್ಯವೂ ಹೌದು, ಆದರೆ ಎಲ್ಲವೂ ನಿಮ್ಮ ಸಾಧನೆಯ ಮೇಲೆ ನಿಂತಿದೆ, ಅದನ್ನು ಕಳಿಸಿ ಅಂದರು.

ಹಂತವಿಲ್ಲದೆ ಉತ್ತರ ಮಾತ್ರ ಬರೆದ ಆಕೆಯ ನೋಟ್‌ಬುಕ್ ನಿಮ್ಮ ಮೇಜಿಗೆ ಬಂದಿದೆ. ಹದಿನಾಲ್ಕು ವರ್ಷದಲ್ಲಿ ಸಾವಿರಾರು ಉತ್ತರಪತ್ರಿಕೆ ತಿದ್ದಿದವರು ನೀವು. ಪತ್ರ ಓದುವ ದೃಶ್ಯದಲ್ಲಿ ನೀವು ಯಾರ ಕುರ್ಚಿಯಲ್ಲಿ ಕೂತಿದ್ದಿರಿ ಅಂತ ನನಗೆ ಅನುಮಾನವಿಲ್ಲ. ಒಂದು ಸಂಜೆ ಕೂತು ಆಕೆಯ ಉತ್ತರಗಳನ್ನು ಹಾಗೇ ವಿಂಗಡಿಸಿ. ಇದು ಪುಸ್ತಕದಲ್ಲೇ ಇದೆ, ಇದು ಚೆನ್ನಾಗಿದೆ, ಇದು ನಿನಗೆ ಹೇಗೆ ಬಂತು ಅಂತ ನನಗೆ ತಿಳಿಯಬೇಕು. ಮೂರನೇ ಗುಂಪಿನಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. ಅದರ ಕೆಳಗೆ ಕೆಂಪು ಇಂಕಿನಲ್ಲಿ ಅಲ್ಲ, ನೀಲಿ ಇಂಕಿನಲ್ಲಿ ಬರೆಯಿರಿ: “ಇದರ ಹಂತಗಳನ್ನು ನನಗೆ ಬರೆದು ಕಳಿಸು. ನೋಡಲು ಕಾಯುತ್ತಿರುತ್ತೇನೆ.”